ಬ್ಲಾಗಿಗೆ ಏರಿಸಿದ ಮೆಮೊ

ಭದ್ರಾವತಿ
೧೭ ಫೆಬ್ರವರಿ ೨೦೨೫

ಪ್ರೀತಿಯ ಶ್ರೀಗೌರಿ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಬೈದುಕೊಂಡಿರುತ್ತೀಯ, ಬೈದುಕೋ. ಮೊಣಕಾಲು ಹೇಗಿದೆ? ಕಾರವಾರದ ಮಕ್ಕಳು ನಿನ್ನ ಗಣಿತಕ್ಕೆ ಈಗಲೂ ಹೆದರುತ್ತಾರೆಯೇ? ಬಿ.ಎಡ್. ಹಾಸ್ಟೆಲಿನಲ್ಲಿ ನೀನು ಹೇಳುತ್ತಿದ್ದೆ, ನನಗೆ ಸಿಟ್ಟು ಬರುವುದು ತಡ, ಬಂದರೆ ಹೋಗುವುದಿಲ್ಲ ಎಂದು. ಈ ಸಲದ ಸಿಟ್ಟು ಹದಿನಾರು ತಿಂಗಳು ಕಾದು ಕುಳಿತಿತ್ತು. ಅದರ ಕಥೆ ಹೇಳದೆ ನನಗೆ ಸಮಾಧಾನವಿಲ್ಲ.

ಒಂಬತ್ತನೇ ತರಗತಿಯವರಿಂದ ನಾನು ಬ್ಲಾಗು ಬರೆಸುತ್ತಿದ್ದದ್ದು ನಿನಗೆ ಗೊತ್ತು. ಪ್ರಬಂಧವೆಂದರೆ ಗೈಡು ನೋಡಿ ಇಳಿಸುತ್ತಿದ್ದ ಮಕ್ಕಳು, ಅಮ್ಮನ ಫೋನಿನಲ್ಲಿ ತಾವೇ ಟೈಪು ಮಾಡತೊಡಗಿದ್ದರು. ಒಬ್ಬ ತನ್ನ ಅಜ್ಜಿ ಬೈಯುವ ಮಾತುಗಳನ್ನೆಲ್ಲ ಪಟ್ಟಿ ಮಾಡಿದ. ಕಾರ್ಖಾನೆ ಕ್ವಾರ್ಟರ್ಸಿನ ಹುಡುಗಿಯೊಬ್ಬಳು, ತಮ್ಮ ಮನೆಯಲ್ಲಿ ತಮಿಳಿನಲ್ಲಿ ಜಗಳವಾಡಿ ಕನ್ನಡದಲ್ಲಿ ರಾಜಿಯಾಗುತ್ತಾರೆ ಎಂದು ಬರೆದಳು. ಓದಿ ನಕ್ಕು ನಕ್ಕು ಸುಸ್ತಾಗಿದ್ದೆ.

ನಮ್ಮ ಹೆಡ್‌ಮಾಸ್ಟರ್ ನಿರಂಜನ ಸರ್‌ಗೆ ಅದನ್ನು ಸಹಿಸಲಾಗಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೆದುರು, "ಮೇಡಂ, ನಿಮಗೆ ಪಾಠ ಮಾಡಕ್ಕೆ ಬರಲ್ಲ ಅಂತ ಮಕ್ಕಳ ಕೈಲಿ ಮೊಬೈಲ್ ಕೊಡ್ತೀರಾ?" ಎಂದರು. ಮರುದಿನ ಮೆಮೊ ಬಂತು. "ಪಾಠ ಬಿಟ್ಟು ಬ್ಲಾಗು ಬರೆಸುವುದು ಕರ್ತವ್ಯಲೋಪ. ಕೂಡಲೇ ನಿಲ್ಲಿಸತಕ್ಕದ್ದು." ಕೆಳಗೆ ಸಹಿ, ಮೊಹರು. ಬ್ಲಾಗನ್ನು ಶಾಲೆಯ ಹೆಸರಿಗೆ ಬರೆಸಿಕೊಂಡರು. ಇಪ್ಪತ್ತೆರಡು ವರ್ಷ ಪಾಠ ಮಾಡಿದವಳು ನಾನು. ಆ ಮೆಮೊವನ್ನು ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟೆ.

ಕಳೆದ ತಿಂಗಳು ಶಿವಮೊಗ್ಗದಲ್ಲಿ ಶಿಕ್ಷಕರ ಕಾರ್ಯಾಗಾರವಿದೆಯೆಂದು ಆಹ್ವಾನ ಬಂತು. ತರಗತಿಯಲ್ಲಿ ಬ್ಲಾಗ್ ಬಳಕೆ. ಉಪನ್ಯಾಸ, ಶ್ರೀ ನಿರಂಜನ. ಅದರಲ್ಲಿದ್ದ ಲಿಂಕ್ ತೆರೆದು ನೋಡಿದರೆ ನನ್ನದೇ ಬ್ಲಾಗು. ಮೇಲೆ ಅವರ ಫೋಟೊ, 'ಪರಿಕಲ್ಪನೆ ಮತ್ತು ಮಾರ್ಗದರ್ಶನ' ಎಂದು ಅವರ ಹೆಸರು. ಮಕ್ಕಳ ಹೆಸರುಗಳನ್ನೂ ಅಳಿಸಿದ್ದರು. ಸುಮ್ಮನೆ ನನ್ನ ಹಳೆಯ ಪಾಸ್‌ವರ್ಡ್ ಹಾಕಿದೆ. ತೆರೆಯಿತು. ನನ್ನನ್ನು ತೆಗೆದುಹಾಕಬೇಕೆಂಬುದೂ ಆ ತಜ್ಞರಿಗೆ ಹೊಳೆದಿರಲಿಲ್ಲ.

ಗಾಂಧಿ ಬಜಾರಿಗೆ ಹೋಗಿ ಹೊಸ ಸೀರೆ ಕೊಂಡೆ, ಶ್ರೀಗೌರಿ. ನಗಬೇಡ. ಅದನ್ನುಟ್ಟು ಎರಡನೇ ಸಾಲಿನಲ್ಲಿ ಕೂತೆ. ಇನ್ನೂರು ಜನ ಮೇಷ್ಟರುಗಳು. ನಿರಂಜನ ಸರ್ ಅಜ್ಜಿಯ ಬೈಗುಳ ಓದಿ ಹೇಳಿ ಚಪ್ಪಾಳೆ ಗಿಟ್ಟಿಸಿದರು. ಆರಂಭದಲ್ಲಿ ಸಹೋದ್ಯೋಗಿಗಳೇ ವಿರೋಧಿಸಿದರು, ತಾನು ಎದೆಗುಂದಲಿಲ್ಲ ಎಂದರು. ನಾನು ಫೋನಿನಲ್ಲಿ ಮೆಮೊದ ಚಿತ್ರವನ್ನು ಬ್ಲಾಗಿಗೆ ಏರಿಸಿದೆ. ಅಷ್ಟರಲ್ಲಿ ಅವರೇ, ಎಲ್ಲರೂ ನಿಮ್ಮ ಫೋನಿನಲ್ಲಿ ಬ್ಲಾಗು ತೆರೆಯಿರಿ ಎಂದು, ತಮ್ಮ ಹಿಂದಿನ ದೊಡ್ಡ ಪರದೆಯ ಮೇಲೂ ಅದನ್ನೇ ತೆರೆದರು.

ಮೊದಲು ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಆಮೇಲೆ ಗುಸುಗುಸು. ಮಾಚೇನಹಳ್ಳಿ ಕಡೆಯ ಮೂರ್ತಪ್ಪ ಎಂಬ ಹಿರಿಯ ಮೇಷ್ಟರು ಎದ್ದು ನಿಂತು, ಬಹಳ ಮರ್ಯಾದೆಯಿಂದಲೇ ಕೇಳಿದರು: "ಸಾರ್, ಮೇಲುಗಡೆ ಇರೋ ಈ ಮೆಮೊದ ಸಹಿ ನಿಮ್ದೇ ಅಲ್ವಾ?"

ನಿರಂಜನ ಸರ್ ಪರದೆಯ ಕಡೆ ತಿರುಗಿದರು. ಅಲ್ಲಿ ಅವರ ಮೆಮೊ ಬಾಗಿಲಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಸಭೆ ನಕ್ಕಿತು. ಅವರು ನನ್ನನ್ನು ಹುಡುಕಿ ನೋಡಿದರು; ನಾನು ಕಣ್ಣು ತಗ್ಗಿಸಲಿಲ್ಲ. ನೀರು ಕುಡಿಯುವಾಗ ಅವರ ಲೋಟ ಹಲ್ಲಿಗೆ ಬಡಿದ ಸದ್ದು ಮೈಕಿನಲ್ಲಿ ಕೇಳಿಸಿತು. ನಿನ್ನ ಹತ್ತಿರ ಸುಳ್ಳೇಕೆ, ಆ ಸದ್ದು ನನಗೆ ಸಂಗೀತದಂತೆ ಕೇಳಿಸಿತು. ಈಗ ಅವರು ರಜೆಯ ಮೇಲಿದ್ದಾರೆ, ಆಡಳಿತ ಮಂಡಳಿ ವಿವರಣೆ ಕೇಳಿದೆ. ಅಯ್ಯೋ ಪಾಪ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ಮೊಣಕಾಲಿಗೆ ಎಣ್ಣೆ ಹಚ್ಚುವುದು ಬಿಡಬೇಡ. ದೇವರು ನಿನ್ನನ್ನು ನೆಮ್ಮದಿಯಾಗಿ ಇಟ್ಟಿರಲಿ.

ಇಂತಿ ನಿನ್ನ,
ಶರಾವತಿ

ಮತ್ತೆ: ಇದನ್ನು ಬರೆಯಬಾರದೆಂದಿದ್ದೆ. ಅಂದು ಬಸ್ಸಿನಲ್ಲಿ ವಾಪಸ್ಸು ಬರುವಾಗ, ಗೆದ್ದ ಖುಷಿಗೆ ಬ್ಲಾಗನ್ನು ಮತ್ತೆ ತೆರೆದೆ. ಮಕ್ಕಳು ಬರೆದದ್ದು ನಾನು ಒಪ್ಪುವವರೆಗೆ ಡ್ರಾಫ್ಟಿನಲ್ಲಿ ಉಳಿಯುತ್ತಿತ್ತು. ಅಲ್ಲಿ ಒಂದೇ ಒಂದು ಇತ್ತು, ಸುಶ್ಮಿತಾಳದ್ದು. ತರಗತಿಯಲ್ಲಿ ಬಾಯಿಯೇ ಬಿಡದ, ಬ್ಲಾಗಿನಲ್ಲಿ ಮಾತ್ರ ಮಾತಾಡುತ್ತಿದ್ದ ಹುಡುಗಿ. ಚಿಕ್ಕಮ್ಮನ ಊರಿನಲ್ಲಿ ಓದುತ್ತಾಳೆಂದು ಮನೆಯವರು ಟಿ.ಸಿ. ಒಯ್ದಿದ್ದರು, ನಾನು ನಂಬಿದ್ದೆ. ಡ್ರಾಫ್ಟಿನ ತಾರೀಕು, ಮೆಮೊ ಬಂದ ಒಂದು ತಿಂಗಳ ನಂತರದ್ದು. ಆ ಬ್ಲಾಗಿನ ಬಾಗಿಲು ನನಗೆ ತೆರೆದೇ ಇತ್ತು, ಶ್ರೀಗೌರಿ. ಅವಮಾನದ ಸಿಟ್ಟಿನಲ್ಲಿ ನಾನೇ ಒಮ್ಮೆಯೂ ತಳ್ಳಿ ನೋಡಲಿಲ್ಲ. ಮೊನ್ನೆ ಅವಳ ಮನೆಗೆ ಹೋಗಿದ್ದೆ. ಹೊಳಲ್ಕೆರೆ ಕಡೆ ಗಂಡನ ಮನೆಯಲ್ಲಿದ್ದಾಳಂತೆ, ಮಗುವಾಗಿದೆಯಂತೆ. ಅವಳಿಗಿನ್ನೂ ಹದಿನಾರು.

ಅವಳು ಬರೆದದ್ದು ಇಷ್ಟೇ: "ಮಿಸ್, ನನಗೆ ಮದುವೆ ಮಾಡ್ತಿದಾರೆ. ನಾನು ಬೇಡ ಅಂದೆ. ನೀವು ದಿನಾ ಇಲ್ಲಿ ನೋಡ್ತೀರಲ್ಲ, ಅದಕ್ಕೆ ಇಲ್ಲಿ ಬರೆದೆ."