ನಾಣ್ಯದ ಕಿಂಡಿಗೆ ಫೋನು ತೋರಿಸಿದವನಿಗೆ

ತಮ್ಮಣ್ಣ ಮಹಾರಾಯ,

ನಾನು ಲ್ಯಾಬಿಗೆ ಹೊರಟೆ. ಅಮ್ಮನ ಜೊತೆ ವಿಮಾನ ಹತ್ತುವ ಮುಂಚೆ ಇದನ್ನು ಓದು.

“ಈಗೆಲ್ಲ ನೋಟು ಚಿಲ್ಲರೆ ಯಾರಕ್ಕ ಮುಟ್ತಾರೆ, ಎಲ್ಲಾ ಫೋನಲ್ಲೇ” ಅಂತ ಹೋದ ಸಲವೂ ಭಾಷಣ ಬಿಗಿದಿದ್ದೆ. ಆಮೇಲೆ ಪರದೇಶದ ಬಸ್‌ನಿಲ್ದಾಣದಲ್ಲಿ, ನಾಣ್ಯ ಹಾಕಿದರೆ ಮಾತ್ರ ತೆರೆಯುವ ಶೌಚಾಲಯದ ಮುಂದೆ, ಅಮ್ಮ ಇಪ್ಪತ್ತು ನಿಮಿಷ ಒದ್ದಾಡಿದಳು. ನೀನು ನಾಣ್ಯದ ಕಿಂಡಿಗೆ ಫೋನು ತೋರಿಸುತ್ತ ನಿಂತಿದ್ದೆಯಂತೆ, ಮಂತ್ರವಾದಿಯ ಹಾಗೆ! ಕೊನೆಗೆ ನೆಲ ಒರೆಸುವಾಕೆ ಕನಿಕರಪಟ್ಟು ತನ್ನ ನಾಣ್ಯ ಹಾಕಿದಳು.

ಅಮ್ಮ ನಿನ್ನೆ ಸಂಜೆಯಿಂದ ನೀರು ಮುಟ್ಟಿಲ್ಲ. ದಾರಿಯಲ್ಲಿ ಮತ್ತೆ ಹಾಗಾದೀತೆಂಬ ಹೆದರಿಕೆ. ನಿನ್ನ ಘನ ಬುದ್ಧಿಗೆ ಅದು ಹೊಳೆದಿರಲಾರದು.

ನೀವು ಮತ್ತೆ ಹೊರಟಿರುವ ಆ ದೇಶದ ಚಿಲ್ಲರೆ ಹುಡುಕಿ ತಂದು ಅವಳ ಕೈಚೀಲಕ್ಕೆ ಹಾಕಿದ್ದೇನೆ. ನಿನ್ನ ಕೈಗೆ ಕೊಡುವಷ್ಟು ದಡ್ಡಿ ನಾನಲ್ಲ. ಅದನ್ನು ಅವಳಿಗೆ ತೋರಿಸು, ಎದುರಿಗೆ ಕೂತು ಎರಡು ಲೋಟ ನೀರು ಕುಡಿಸು, ಆಮೇಲೆ ಹೊರಡಿ.

ಅಕ್ಕ