ಗಾಡಿಗೆ ಹಾಕಿದ ಗೊಟ್ಟ

ಮಸಗುಪ್ಪಿ
ತಾ. ೧೨-೧೧-೨೦೨೫, ಬುಧವಾರ

ಏಳು ವರ್ಷದಿಂದ ನನ್ನ ಮೇಲೆ ಹಲ್ಲು ಕಡಿಯುತ್ತಿರುವ ಗೆಳತಿ ಸುಲ್ತಾನಾಬಿಗೆ,

ದಡ್ಡಿ ಊರಿನ ಸಾಲೆಯಲ್ಲಿ ನಿನ್ನ ಬಾಜೂ ಕೂತು ನಾಲ್ಕನೇ ಇಯತ್ತೆ ಮುಗಿಸಿದ ಯಲ್ಲಕ್ಕ ಬರೆಯುವುದು. ನಾವು ಇಲ್ಲಿ ಇದ್ದೇವೆ. ನೀವು ಅಲ್ಲಿ ಸುಖವಾಗಿದ್ದೀರಿ ಎಂದು ಬರೆಯಲು ಬಾಯಿಲ್ಲ, ಆ ಸುಖ ಕೆಡಿಸಿದವಳು ನಾನೇ. ಫೋನ್ ಇರುವಾಗ ಕಾಗದ ಯಾಕೆ ಎಂದು ನೀನು ಮೂಗು ಮುರಿಯುತ್ತಿ. ಫೋನಿನಲ್ಲಿ ನಾನು ಒಂದು ಹೇಳುವುದರೊಳಗೆ ನೀನು ಹತ್ತು ಬೈಯುತ್ತಿ. ಆಗ ನಾನೂ ಸುಮ್ಮನಿರುವವಳಲ್ಲ, ಮಾತು ಎಲ್ಲಿಗೋ ಹೋಗುತ್ತದೆ. ಕಾಗದಕ್ಕೆ ಎದುರು ಮಾತಿಲ್ಲ. ಕೊನೆಯವರೆಗೆ ಓದು, ಆಮೇಲೆ ಬೈ. ಅಕ್ಷರ ಸೊಟ್ಟಗಿದ್ದರೆ ನಗಬೇಡ, ನಿನ್ನವೇನು ಮುತ್ತಿನಂತಿರಲಿಲ್ಲ.

ಬರೆಯುತ್ತಿರುವುದು ತವೇರಾ ಗಾಡಿಯ ಸಲುವಾಗಿ. ಈ ತಿಂಗಳಿಗೆ ಅದಕ್ಕೆ ಹದಿನೈದು ವರ್ಷ ತುಂಬುತ್ತದೆ. ಗೋಕಾಕದ ಆರ್‌ಟಿಒ ಸಾಹೇಬರು ನೋಡಿ ಹೂಂ ಅಂದರೆ ಮಾತ್ರ ಇನ್ನೂ ಐದು ವರ್ಷ ಓಡಿಸಬಹುದಂತೆ. ಮೂಡಲಗಿಯ ಇಬ್ಬರು ಮಿಸ್ತ್ರಿಗಳು ಬಂದು ನೋಡಿ, ಓಡೀತು, ಪಾಸಾಗದು ಎಂದು ತಲೆ ಕೊಡವಿ ಹೋದರು. ಕಂಪನಿಯೇ ದೇಶ ಬಿಟ್ಟು ಹೋದ ಮೇಲೆ ಇದನ್ನು ಇಟ್ಟುಕೊಂಡು ಏನು ಮಾಡುವುದು, ಗುಜರಿಗೆ ಹಾಕೋಣ ಎಂದು ನನ್ನ ಮಗ ದುಂಡೇಶ ಬೆನ್ನು ಹತ್ತಿದ್ದಾನೆ. ಬರುವ ಸೋಮವಾರ ಗುಜರಿಯವನು ಬರುವವನಿದ್ದಾನೆ. ನಮ್ಮವರು ಆಗಲಿ ಎನ್ನುವುದಿಲ್ಲ, ಬೇಡ ಎನ್ನುವುದಿಲ್ಲ, ಗಾಡಿಯ ಸುತ್ತ ಸುಮ್ಮನೆ ತಿರುಗುತ್ತಾರೆ. ಶಿದ್ರಾಮ ಎಂದು ಅವರ ಹೆಸರು ಬರೆಯಲು ಈ ವಯಸ್ಸಿನಲ್ಲೂ ನನ್ನ ಕೈ ಹಿಂದೆ ಮುಂದೆ ನೋಡುತ್ತದೆ, ನೀನೇ ತಿಳಿದುಕೋ. ನಿನ್ನೆ ಬಾನೆಟ್ ಎತ್ತಿ ಒಳಗೆ ಇಣುಕಿ, "ಇಮಾಮ ಇದ್ದಿದ್ರ..." ಅಂದರು. ಅಷ್ಟೇ. ಬಾನೆಟ್ ಹಾಕಿಬಿಟ್ಟರು. ಏಳು ವರ್ಷದಲ್ಲಿ ನಿನ್ನ ಗಂಡನ ಹೆಸರು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ಅದಕ್ಕೇ ಇವತ್ತು ಕಾಗದ ಹಿಡಿದು ಕೂತೆ.

ಗಾಡಿ ತಂದ ದಿನ ನಿನಗೆ ನೆನಪಿದೆಯೋ ಇಲ್ಲವೋ. ನಾಲ್ಕೂ ಜನ ಬೆಳಗಾವಿಗೆ ಬಸ್ಸಿನಲ್ಲಿ ಹೋಗಿ ಗಾಡಿಯಲ್ಲಿ ತಿರುಗಿ ಬಂದೆವು. ಶೋರೂಮಿನ ಹುಡುಗಿ ಹತ್ತು ಮಂದಿ ಆರಾಮ ಕೂಡುತ್ತಾರೆ, ಎಸಿ ಹಿಂದಿನವರೆಗೂ ಬರುತ್ತದೆ ಎಂದು ಹೇಳುತ್ತ ಹೇಳುತ್ತ ಬಂದಳು. ಹಿಂದಿನ ಸೀಟು ಮಡಚಿದರೆ ಎಷ್ಟು ಮರಿ ಹಿಡಿಯುತ್ತವೆ ಎಂದು ನಾನು ಕೇಳಿದೆ. ಅವಳು ಮಕ್ಕಳು ಎಂದು ತಿಳಿದು, ಚಿಕ್ಕವಾದರೆ ಆರು ಅಂದಳು. ಕುರಿಮರಿ ತಾಯಿ, ಕುರಿಮರಿ ಅಂದೆ. ನೀನು ಕನ್ನಡಿ ಬಾಗಿಲಿಗೆ ಹಣೆ ಹಚ್ಚಿ ನಕ್ಕದ್ದು ನೆನಪಾದರೆ ಈಗಲೂ ನನಗೆ ಸಿಟ್ಟೂ ಬರುತ್ತದೆ, ನಗೆಯೂ ಬರುತ್ತದೆ.

ಇಮಾಮಭಾಯಿ ಮಾತ್ರ ನಗಲಿಲ್ಲ. ಗಾಡಿಯ ಮುಂದಿನ ಬಂಗಾರದ ಬಣ್ಣದ ಗುರುತನ್ನು ಬೆರಳಿನಿಂದ ಸವರುತ್ತ ನಿಂತಿದ್ದರು. ನನಗೆ ಅದು ಕೂಡಿಸುವ ಲೆಕ್ಕದ ಗುರುತನ್ನು ಯಾರೋ ಎರಡೂ ಬದಿ ಹಿಡಿದು ಎಳೆದಂತೆ ಕಂಡಿತು. ಅವರಿಗೆ ಅದರಲ್ಲಿ ಅಪ್ಪ ಕಂಡಿದ್ದ. ನಿನ್ನ ಮಾವ ಗೋಕಾಕದಲ್ಲಿ ಅದೇ ಶೆವರ್ಲೆ ಕಂಪನಿಯ, ಮಂದಿ ಒಯ್ಯುವ ಸರ್ವಿಸ್ ಮೋಟಾರಿನ ಮೇಲೆ ಕ್ಲೀನರ್ ಆಗಿದ್ದವರು, ಬ್ರಿಟಿಷರ ಕಾಲಕ್ಕೆ. ಆಗ ಆ ಅಮೇರಿಕದವರು ಮುಂಬಯಿಯಲ್ಲೇ ಕಾರ್ಖಾನೆ ಹಾಕಿ ಮೋಟಾರು ಜೋಡಿಸುತ್ತಿದ್ದರಂತೆ. ಸ್ವಾತಂತ್ರ್ಯ ಬಂದ ಮೇಲೆ ಐದಾರು ವರ್ಷಕ್ಕೆ ಬಾಗಿಲು ಹಾಕಿ ಎದ್ದು ಹೋದರು. ನಿನ್ನ ಮಾವ ಆ ಮೋಟಾರಿನ ಗಾಲಿಯ ಮುಚ್ಚಳ ಒಂದನ್ನು ಮನೆಗೆ ತಂದು ಜೋಪಾನ ಇಟ್ಟರೆ, ನಿನ್ನ ಅತ್ತೆ ಅದರಲ್ಲಿ ಕೋಳಿಗೆ ನೀರಿಡುತ್ತಿದ್ದರು. ಇದೆಲ್ಲ ನಮಗೆ ಭಾಯಿ ಬೆಳಗಾವಿಯಿಂದ ಬರುವ ದಾರಿಯಲ್ಲಿ ಹೇಳಿದ್ದು.

ಇನ್ನೂ ಒಂದು ಹೇಳಿದರು. ಯಾರ ಹೆಸರು ಆ ಕಂಪನಿಗಿದೆಯೋ ಆ ಮನುಷ್ಯ ಓಟದ ಪಂದ್ಯದಲ್ಲಿ ಕಾರು ಬಿಡುತ್ತಿದ್ದವನಂತೆ. ಪಾಲುದಾರನ ಸಂಗಡ ಜಗಳಾಗಿ ಕಂಪನಿ ಬಿಟ್ಟ, ಹೆಸರು ಅಲ್ಲೇ ಉಳಿಯಿತು. ಮುಪ್ಪಿನಲ್ಲಿ ತನ್ನದೇ ಹೆಸರಿನ ಕಾರ್ಖಾನೆಗೆ ಕೈ ಮಸಿ ಮಾಡಿಕೊಳ್ಳಲು ಕೂಲಿಗೆ ಹೋದನಂತೆ. ಖರೆಯೋ ಸುಳ್ಳೋ, ಭಾಯಿ ಅದನ್ನು ಹೇಳುವಾಗ ನಮ್ಮವರು ಗಾಡಿ ನಿಧಾನ ಮಾಡಿದ್ದರು. ಈ ಕಂಪನಿ ಒಮ್ಮೆ ಎದ್ದು ಹೋದದ್ದು, ಮತ್ತೆ ಹೋಗುವುದಿಲ್ಲ ಎಂದು ನಂಬಬೇಡ ಎಂದು ಭಾಯಿ ಅಂದಾಗ ನಮ್ಮವರು ನಕ್ಕುಬಿಟ್ಟರು.

ಆ ಗಾಡಿಯಲ್ಲಿ ನಾವು ಏನು ಹೊರಲಿಲ್ಲ ಹೇಳು. ಕುರಿ ನಿಲ್ಲಿಸಿದ ಹೊಲಗಳಿಗೆ ವಾರಕ್ಕೊಮ್ಮೆ ರೊಟ್ಟಿಯ ಗಂಟು, ಬರುವಾಗ ಆಗತಾನೇ ಹುಟ್ಟಿದ ಮರಿಗಳು. ಮರಿ ಒಳಗೆ ಒದರಿದರೆ ತಾಯಿಕುರಿ ಹೊರಗೆ ಒದರಿಕೊಂಡು ಓಡುತ್ತಿತ್ತು, ನಮ್ಮವರು ಗಾಜು ಇಳಿಸಿ ಅದಕ್ಕೆ ಮರಿಯ ಮಾರಿ ತೋರಿಸಿಕೊಂಡೇ ಬರುತ್ತಿದ್ದರು. ಭಾಯಿ ಸರ್ವಿಸಿಗೆಂದು ಚಾಪೆ ಎತ್ತಿದರೆ ಕೆಳಗೆ ಪಾವು ಹಿಕ್ಕೆ. ಹೊಲಕ್ಕೆ ಹಾಕುವುದನ್ನು ಇಲ್ಲಿ ಯಾಕೆ ಬಿತ್ತೀರಿ ವೈನಿ ಎಂದು ಕೇಳುತ್ತಿದ್ದರು. ಅದೇ ಗಾಡಿಯಲ್ಲಿ ನಾವು ನಾಲ್ಕು ಜನ ದಡ್ಡಿಗೂ ಹೋಗುತ್ತಿದ್ದೆವು. ಐವತ್ತು ದಾಟಿದರೂ ನೀನು ಕಿಟಕಿಯ ಬಾಜೂ ಬೇಕೆಂದು ಜಗಳ ತೆಗೆಯುವವಳು, ಘಟಪ್ರಭೆ ದಾಟುವುದರೊಳಗೆ ವಾಂತಿ ಮಾಡುವವಳೂ ನೀನೇ. ಹೊಳೆಯ ದಂಡೆಯಲ್ಲಿ ಕೂತು ನಿನ್ನ ಖೀಮಾ ನೀವು, ನನ್ನ ಶೇಂಗಾ ಹಿಂಡಿ ನಾವು. ಮೊದಲು ಹಾಗೇ ಬೇರೆ ಬೇರೆ ಬಿಚ್ಚುತ್ತಿದ್ದೆವು, ಆಮೇಲೆ ಯಾರದು ಯಾರ ತಾಟಿನಲ್ಲಿ ಎಂದು ಯಾರೂ ನೋಡುತ್ತಿರಲಿಲ್ಲ.

ಕಂಪನಿ ಎರಡನೇ ಸಲ ಎದ್ದು ಹೋದ ವರ್ಷವೂ ನೆನಪಿದೆ. ಮೂಡಲಗಿ, ಹುಕ್ಕೇರಿ, ಎಲ್ಲ ಕಡೆಯ ತವೇರಾದವರು ಗೋಕಾಕದಲ್ಲಿ ಭಾಯಿಯ ಗ್ಯಾರೇಜಿನ ಮುಂದೆ ನಿಂತಿದ್ದರು, ಮನೆಯಲ್ಲಿ ಯಾರೋ ಸತ್ತಂತೆ ಮಾರಿ ಮಾಡಿಕೊಂಡು. ಹುಕ್ಕೇರಿಯ ಅಣ್ಣಪ್ಪ ಮಾಸ್ತರರಂತೂ ಅದೇ ಕಂಪನಿಯ ತಮ್ಮ ಸಣ್ಣ ಕೆಂಪು ಕಾರಿಗೆ ಒರಗಿ, ನಿವೃತ್ತಿಯ ಗಂಟೆಲ್ಲ ಇದರಲ್ಲೇ ಹಾಕಿದೆ ಎಂದು ಕಣ್ಣಲ್ಲಿ ನೀರು ತಂದರು. ಭಾಯಿ ಎಲ್ಲರಿಗೂ ಚಹಾ ತರಿಸಿ, "ಕಂಪನಿ ಹೋದ್ರ ಹೋಗ್ಲಿರಿ. ನಾ ಎಲ್ಲೂ ಹೋಗಿಲ್ಲಲ್ಲ" ಅಂದರು. ಅಂಥ ಮನುಷ್ಯನನ್ನು ಆ ಗ್ಯಾರೇಜಿನಿಂದ ಎಬ್ಬಿಸಿದವಳು ನಾನು. ನಮ್ಮವರಲ್ಲ, ನಾನು. ಈಗ ಅದನ್ನು ಬರೆಯುತ್ತೇನೆ.

ಏಳು ವರ್ಷದ ಹಿಂದೆ, ಹಿಂಗಾರಿಯ ಜೋಳ ಮೊಣಕಾಲುದ್ದ ಇದ್ದ ದಿನಗಳು. ಭಾಯಿ ಸರ್ವಿಸ್ ಮಾಡಿಕೊಟ್ಟು ವಾರವಾಗಿತ್ತು. ಕುರಿಗಳ ಕಡೆಯಿಂದ ಬಂದ ಗಾಡಿ ಕೆಮ್ಮತೊಡಗಿತ್ತು, ಹೊಗೆ ಬಿಟ್ಟು ಜಗ್ಗಿ ಜಗ್ಗಿ ನಿಲ್ಲುತ್ತಿತ್ತು. ಶನಿವಾರ ಗೋಕಾಕಕ್ಕೆ ಒಯ್ದು ತೋರಿಸುತ್ತೇನೆ ಎಂದು ನಮ್ಮವರು ಹೊಲಕ್ಕೆ ಹೋದರು. ಅದೇ ದಿನ ಒಂದು ಕುರಿ ಎಳೆ ಜೋಳ ತಿಂದು ಹೊಟ್ಟೆ ಉಬ್ಬಿಸಿಕೊಂಡು ಬಿದ್ದಿತ್ತು. ಕುಸುಬಿ ಎಣ್ಣೆಯಲ್ಲಿ ಇಂಗು, ಜಜ್ಜಿದ ಓಮ, ಉಪ್ಪು ಕಲಸಿ, ಬಿದಿರಿನ ಕೊಳವೆಯ ಗೊಟ್ಟದಿಂದ ಅದರ ಗಂಟಲಿಗೆ ಹಾಕಿದೆ. ತಾಸಿನಲ್ಲಿ ಎದ್ದು ಮೇಯತೊಡಗಿತು. ನನಗೆ ನನ್ನ ಕೈಗುಣದ ಮೇಲೆ ಎಷ್ಟು ಸೊಕ್ಕು ನಿನಗೆ ಗೊತ್ತಲ್ಲ. ಎಣ್ಣೆ ಇನ್ನೂ ಅರ್ಧ ಉಳಿದಿತ್ತು. ಅಂಗಳದಲ್ಲಿ ಗಾಡಿ ನಿಂತಿತ್ತು. ಡೀಸೆಲ್ ಟಾಕಿಯನ್ನು ಬೆರಳಿನಿಂದ ಬಡಿದು ನೋಡಿದೆ, ಉಬ್ಬಿದ ಹೊಟ್ಟೆಯ ಹಾಗೆಯೇ ಡಬ್ ಡಬ್ ಅಂದಿತು. ಇದೂ ಕೆಮ್ಮುತ್ತದೆ, ಇದೂ ಉಬ್ಬಿದೆ, ಎಣ್ಣೆಯ ಮೇಲೆಯೇ ಓಡುವ ಜೀವ, ಎಣ್ಣೆಯಿಂದ ಏನು ಕೆಡುತ್ತದೆ ಅನ್ನಿಸಿತು. ಮುಚ್ಚಳ ತೆಗೆದು ಉಳಿದ ಎಣ್ಣೆಯ ಗೊಟ್ಟವನ್ನು ಗಾಡಿಗೂ ಹಾಕಿದೆ. ಮರುದಿನ ಮುಂಜಾನೆ ಗಾಡಿ ಕೆಮ್ಮದೆ ಶುರುವಾಯಿತು. ನಾನು ಒಳಗೊಳಗೇ ಉಬ್ಬಿದೆ. ಮತ್ತೇಕೆ ಗೋಕಾಕಕ್ಕೆ ಎಂದು ನಮ್ಮವರೂ ಬಿಟ್ಟರು.

ಮೂರನೇ ದಿನ ದಡ್ಡಿಯಿಂದ ಫೋನ್ ಬಂತು, ಕಾಶೆವ್ವ ಇನ್ನು ಉಳಿಯುವುದಿಲ್ಲ ಎಂದು. ನಮ್ಮವರ ಅಕ್ಕ. ತಾಯಿ ಸತ್ತ ಮೇಲೆ ಅವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ದಡ್ಡಿಯ ಹುಡುಗಿಯರಲ್ಲಿ ನನ್ನನ್ನು ಆರಿಸಿ ತಮ್ಮನಿಗೆ ತಂದವಳೂ ಅವಳೇ. ಹೊರಟೆವು. ಹುಕ್ಕೇರಿ ದಾಟಿ ಎರಡು ಮೈಲಿಗೆ ಗಾಡಿ ನಿಂತಿತು. ಭಾಯಿ ಗೋಕಾಕದಿಂದ ಮೋಟಾರ್ ಸೈಕಲ್ ಮೇಲೆ ಬಂದು, ಬಿಚ್ಚಿ, ತೊಳೆದು, ಶುರು ಮಾಡಿ ಕೊಡುವುದಕ್ಕೆ ಎರಡು ತಾಸು. ದಡ್ಡಿ ಮುಟ್ಟಿದಾಗ ಕಾಶೆವ್ವನ ಕಣ್ಣು ಮುಚ್ಚಿ ಅರ್ಧ ತಾಸಾಗಿತ್ತು. ಕೊನೆಗೆ ಅವಳು ತಮ್ಮ ಎಲ್ಲಿ ಬಂದ ಎಂದು ಕೇಳಿದಳಂತೆ.

ಪಾಪ, ಭಾಯಿಯೂ ನಮ್ಮ ಹಿಂದೆಯೇ ಬಂದಿದ್ದರು. ಮಂದಿಯ ನಡುವೆ ನಮ್ಮವರು ಅವರ ಎದುರು ನಿಂತು, "ನಿನ್ನ ಕೈ ಹತ್ತಿದ ಗಾಡಿ ನನ್ನ ಅಕ್ಕನ ಮಾರಿ ತೋರಿಸಲಿಲ್ಲೋ. ಇನ್ನ ನನ್ನ ಗಾಡಿ ಮುಟ್ಟಬ್ಯಾಡ" ಅಂದರು. ಭಾಯಿ ಪಾನಾ ಇಕ್ಕಳದ ಚೀಲ ಹೆಗಲಿಗೆ ಹಾಕಿಕೊಂಡು ಹೋದರು. ಕಳಪೆ ಸಾಮಾನು ಹಾಕುತ್ತಾನೆ ಎಂದು ನಮ್ಮವರು ಸಂತೆಸಂತೆಯಲ್ಲಿ ಹೇಳಿದರು. ಒಬ್ಬೊಬ್ಬರಾಗಿ ತವೇರಾದವರು ಬರುವುದು ಬಿಟ್ಟರು, ಗ್ಯಾರೇಜಿಗೆ ಬೀಗ ಬಿತ್ತು. ನೀನು ನಮ್ಮ ಅಂಗಳಕ್ಕೆ ಬಂದು ನಿನ್ನ ಗಂಡನ ಪರವಾಗಿ ಕೂಗಾಡಿದೆ, ಅವನ ಕಣ್ಣು ಮೊದಲು ಡಾಕ್ಟರಿಗೆ ತೋರಿಸಿಕೊಂಡು ಬಾ ಎಂದು ನಾನು ನಿನಗೆ ಅಂದೆ. ಎಲ್ಲ ಗೊತ್ತಿದ್ದೂ ಅಂದೆ. ಈಗ ಭಾಯಿ, ಮಗ ಅಫ್ತಾಬನ ಬೈಕಿನ ಅಂಗಡಿಯ ಮೂಲೆಯಲ್ಲಿ ಸುಮ್ಮನೆ ಕೂಡುತ್ತಾರೆ ಎಂದು ಕೇಳಿದ್ದೇನೆ.

ಇಷ್ಟೇ ಆಗಿದ್ದರೆ ತಿಳಿಯದೆ ಮಾಡಿದ ತಪ್ಪು ಎಂದು ಕೈ ಮುಗಿಯುತ್ತಿದ್ದೆ. ಇನ್ನೊಂದಿದೆ. ಅದನ್ನು ಭಾಯಿ ನಿನಗೂ ಹೇಳಿರಲಿಕ್ಕಿಲ್ಲ. ಹೇಳಿದ್ದರೆ ಅವತ್ತೇ ನೀನು ನನ್ನ ತುರುಬು ಹಿಡಿಯುತ್ತಿದ್ದೆ. ಹುಕ್ಕೇರಿಯ ಆಚೆ ಆ ರಸ್ತೆಯಲ್ಲಿ ನಮ್ಮವರು ಬೇರೆ ಗಾಡಿ ಸಿಗುತ್ತದೆಯೇ ಎಂದು ದೂರ ನಿಂತು ಕೈ ಮಾಡುತ್ತಿದ್ದರು. ಭಾಯಿ ಫಿಲ್ಟರ್ ಬಿಚ್ಚಿ ಅದರೊಳಗಿನ ರಾಡಿ ಬೆರಳಿಗೆ ಹಚ್ಚಿ ಮೂಸಿದರು. ಓಮದ ಚೂರು, ಇಂಗಿನ ನಾತ. ನನ್ನ ಕಡೆ ನೋಡಿ ಸಣ್ಣ ದನಿಯಲ್ಲಿ, "ವೈನಿ, ಕುರಿ ಔಷಧ ಗಾಡಿಗೆ ಹತ್ತೂದಿಲ್ರಿ" ಅಂದರು. ಎಲ್ಲವನ್ನೂ ಡೀಸೆಲಿನಿಂದ ತೊಳೆದು ಆ ರಾಡಿಯ ಮೇಲೆ ಮಣ್ಣು ಎಳೆದರು. ದಡ್ಡಿಯಲ್ಲಿ ನಮ್ಮವರು ಹಾಗೆ ಅಂದಾಗ ಅವರು ಒಂದೇ ಸಲ ನನ್ನತ್ತ ನೋಡಿದರು. ನಾನು ಸೆರಗು ಮುಂದೆ ಎಳೆದುಕೊಂಡು ಅಳುವ ಹೆಂಗಸರ ನಡುವೆ ಹೋಗಿ ಕೂತೆ. ಅತ್ತದ್ದು ಅರ್ಧ ಕಾಶೆವ್ವನಿಗೆ. ಉಳಿದರ್ಧ, ಅಳುತ್ತಿದ್ದರೆ ಯಾರೂ ಮಾತಾಡಿಸುವುದಿಲ್ಲ ಎಂದು.

ಅಕ್ಕನ ಮಾರಿ ತಪ್ಪಿಸಿದವಳು ಹೆಂಡತಿ ಎಂದು ತಿಳಿದರೆ ಇವರು ನನ್ನ ಮಾರಿ ನೋಡುವುದಿಲ್ಲ ಎಂದು ಹೆದರಿದೆ. ನನ್ನ ಗಂಡ ನನಗೆ ಉಳಿಯಲಿ ಎಂದು ನಿನ್ನ ಗಂಡನ ಹೆಸರು ಕೆಡಲು ಬಿಟ್ಟೆ. ನಮ್ಮವರಿಗೆ ಇನ್ನೂ ಹೇಳಿಲ್ಲ. ನಾಳೆ ದುಂಡೇಶನ ಕೈಯಲ್ಲಿ ಈ ಕಾಗದ ಟಪಾಲಿಗೆ ಹಾಕಿಸುತ್ತೇನೆ. ಇದನ್ನು ಭಾಯಿಗೆ ಓದಿ ಹೇಳು. ಸಂತೆಯಲ್ಲಿ ನಿಂತು ಓದಿಸುವುದಿದ್ದರೂ ಓದಿಸು, ನಾನು ಬೇಡ ಎನ್ನುವುದಿಲ್ಲ. ಗಾಡಿ ಗುಜರಿಗೆ ಹೋದರೆ ಹೋಗಲಿ. ಭಾಯಿಯ ಕೈ ಕೆಟ್ಟದ್ದು ಎಂಬ ಮಾತು ಅದರ ಸಂಗಡ ಹೋಗಬೇಕು, ಉಳಿಯಬಾರದು. ನನ್ನನ್ನು ಕ್ಷಮಿಸು ಎಂದು ಬರೆಯುವುದಿಲ್ಲ, ನೀನು ಕ್ಷಮಿಸುವ ಪೈಕಿ ಅಲ್ಲ ಎಂದು ಸಾಲೆಯಿಂದಲೂ ಗೊತ್ತು.

ನಿನ್ನ ಬೈಗುಳಕ್ಕೆ ಕಾದಿರುವ,
ಯಲ್ಲಕ್ಕ

ತಾ.ಕ.: ಇದು ಗುರುವಾರ ಮುಂಜಾನೆ ಬರೆದದ್ದು. ನಿನ್ನೆ ಸಂಜೆ ತಡೆಯಲಾರದೆ ನಮ್ಮವರಿಗೆ ಎಲ್ಲ ಹೇಳಿಬಿಟ್ಟೆ. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. "ಇಮಾಮಗ ಗೊತ್ತಿತ್ತೇನ?" ಎಂದು ಒಂದೇ ಕೇಳಿದರು. ಗೊತ್ತಿತ್ತು ಅಂದೆ. ಎದ್ದು ಹೋಗಿ ಗಾಡಿಯಲ್ಲಿ ಕೂತರು, ಊಟಕ್ಕೂ ಇಳಿಯಲಿಲ್ಲ. ಈಗ ಕಾಗದ ಬೇಗ ಮುಗಿಸು, ಟಪಾಲು ಬೇಡ, ನಾನೇ ಕೊಟ್ಟು ತಿರುಗಿ ಬರುತ್ತೇನೆ ಎಂದು ಅಂಗಳದಲ್ಲಿ ಗಾಡಿ ಶುರು ಮಾಡಿಕೊಂಡು ನಿಂತಿದ್ದಾರೆ. ನೀನು ಇದನ್ನು ಓದುವ ಹೊತ್ತಿಗೆ ಅವರು ನಿಮ್ಮ ಬಾಗಿಲ ಎದುರಿಗೇ ಇರುತ್ತಾರೆ, ತಿರುಗಿ ಬಂದಿರುವುದಿಲ್ಲ, ಕಾಗದವನ್ನು ಕಿಟಕಿಯಿಂದಲೇ ಕೊಟ್ಟಿರುತ್ತಾರೆ, ಗಾಡಿಯಿಂದ ಇಳಿದೂ ಇರುವುದಿಲ್ಲ. ಭಾಯಿಗೆ ಹೇಳು, ಮಾತಾಡಿಸುವುದು ಬೇಡ. ಹೊರಗೆ ಬಂದು ಬಾನೆಟ್ ಎತ್ತಿದರೆ ಸಾಕು, ಇವರು ತಾವಾಗಿಯೇ ಇಳಿದು ಬಾಜೂ ಬಂದು ನಿಲ್ಲುತ್ತಾರೆ.