ತಿರುವಿನ ಒರತೆ

೧೨ ಮಾರ್ಚ್ ೧೯೬೯, ಬುಧವಾರ

ಇವತ್ತೂ ಕೊಡ ತುಂಬಲಿಲ್ಲ. ಚಿಪ್ಪಿನಲ್ಲಿ ತೋಡಿ ತೋಡಿ ಸುರಿದದ್ದು ಅರ್ಧ ರಾಡಿ. ಸಂಕ್ರಾಂತಿ ಕಳೆದ ಮೇಲೆ ಹಗರಿ ಹೊಳೆಯಲ್ಲಿ ಕಣ್ಣಿಗೆ ಕಾಣುವ ನೀರಿಲ್ಲ. ಎಲ್ಲ ಉಸುಕಿನ ಕೆಳಗೆ. ಮೊಣಕೈ ಮುಳುಗುವಷ್ಟು ತೋಡಿ ಕೂತರೆ ಒರತೆಗೆ ಬರುತ್ತದೆ. ಊರ ಬಾವಿ ಸವುಳು, ಬಾಯಿಗಿಟ್ಟರೆ ಉಪ್ಪು. ಕುಡಿಯಲು ಎಲ್ಲರಿಗೂ ಒರತೆಯೇ. ಮೇಲುಗಡೆ ಊರವರದು. ಅದರ ಕೆಳಗೆ ಎಮ್ಮೆ ತೊಳೆಯುವ ಗುಂಡಿ. ಅದಕ್ಕೂ ಕೆಳಗೆ ನಮ್ಮ ಕೇರಿಯದು. ಯಾರು ಗೊತ್ತು ಮಾಡಿದರೋ. ಅತ್ತೆ ಎರ್ರಮ್ಮನನ್ನು ಕೇಳಿದರೆ ಮೊದಲಿನಿಂದ ಹಾಗೇ ಇದೆ ಅನ್ನುತ್ತಾಳೆ.

ಬಟ್ಟೆಯಲ್ಲಿ ಸೋಸಿದೆ. ಇಬ್ಬರಿಗೆ ಸಾಕು. ಮೂವರಿದ್ದಾಗ ಸಾಲುತ್ತಿರಲಿಲ್ಲ.

೧೫ ಮಾರ್ಚ್, ಶನಿವಾರ

ನನ್ನ ಗಂಡನ ಹಾರೆ, ಸಲಿಕೆ ಮೂಲೆಯಲ್ಲೇ ಇವೆ. ಕುರುಗೋಡಿಗೆ ಕಲ್ಲು ಒಡೆಯಲು ಹೋಗುತ್ತಿದ್ದಾಗಿನವು. ಹಿಡಿಕೆಯ ಮೇಲೆ ಮಾರೆಣ್ಣ ಅಂತ ಸುಟ್ಟು ಬರೆಸಿದ್ದು ಇನ್ನೂ ಅಳಿಸಿಲ್ಲ.

ಊರವರ ಒರತೆಗಳಿಗೂ ಮೇಲೆ, ಹೊಳೆ ತಿರುಗುವಲ್ಲಿ, ಎರಡೂ ಕಡೆ ಬಂಡೆ. ನಡುವೆ ಒಂದು ಬಂಡಿ ಹೋಗುವಷ್ಟು ಉಸುಕು. "ಬ್ಯಾಸಗ್ಯಾಗ ಇಡೀ ಹಗರಿ ಇಲ್ಲೇ ದಾರದಂಗ ಹೋಗತೈತಿ, ಉಚ್ಚೆಂಗಿ" ಅನ್ನುತ್ತಿದ್ದರು. ಹೋದ ಬೇಸಿಗೆ ಅಲ್ಲಿ ತೋಡಿದರು. ತಿಳಿ ನೀರು, ತಣ್ಣಗೆ. ಸಂಜೆಗೆ ತಿಪ್ಪೇರುದ್ರಪ್ಪ ಗೌಡರು ಬಂದರು. ನಾವು ಮುಟ್ಟಿದ ನೀರು ಉಸುಕಿನಲ್ಲಿ ಇಳಿದು ಅವರ ಒರತೆಗೆ ಬರುತ್ತದಂತೆ. ಇವರ ಕೈಯಿಂದಲೇ ಮುಚ್ಚಿಸಿದರು. ಆ ದಿನ ಇವರು ಉಣ್ಣಲಿಲ್ಲ.

ಈ ಜನವರಿಯಲ್ಲಿ ಜ್ವರ. ಬಳ್ಳಾರಿ ಆಸ್ಪತ್ರೆ. ನಲ್ಲಿ ನೀರು ಹಿಡಿದರೆ ಮುಖ ತಿರುಗಿಸಿದರು. ನಮ್ಮ ಉಸುಕಿನ ನೀರಿನಂತಿಲ್ಲ ಅಂದರು... ತಂದುಕೊಡಲು ಆಗಲಿಲ್ಲ.

ತಿರುವಿನ ಮೇಲಿನ ದಂಡೆಯಲ್ಲಿ ನಮ್ಮವರ ಗೋರಿಗಳು. ಈಗ ಅಲ್ಲಿದ್ದಾರೆ.

೧೭ ಮಾರ್ಚ್, ಸೋಮವಾರ. ಬೆಳಿಗ್ಗೆ

ತೋಡಿದೆ. ಅವರು ತೋಡಿದಲ್ಲೇ.

ಮೊದಲು ಉಸುಕು ಬೆಚ್ಚಗೆ. ಆಮೇಲೆ ತಣ್ಣಗೆ. ಆಮೇಲೆ ಬಣ್ಣ ಕಪ್ಪಾಗಿ ಬೆರಳಿಗೆ ಅಂಟಿತು. ಸುತ್ತಲೂ ಕುಸಿಯುತ್ತಲೇ ಇತ್ತು, ಅಗಲ ಮಾಡುತ್ತಾ ಹೋದೆ. ಕೂತೆ. ತಳದಲ್ಲಿ ಕಣ್ಣು ಬಿಟ್ಟ ಹಾಗೆ ನೀರು ಬಂತು. ಮೊದಲಿನದು ಚೆಲ್ಲಿ, ತಿಳಿಯಾದ ಮೇಲೆ ತುಂಬಿಕೊಂಡೆ.

ಒಂದು ಚೆಂಬು ಗೋರಿಯ ಮೇಲೆ ಸುರಿದೆ. ಚೆಂಬು ನೆಟ್ಟಗೆ ಮಾಡುವುದರೊಳಗೆ ಇಂಗಿಹೋಯಿತು. ಬಾಯಾರಿದ್ದರೇನೋ.

೧೯ ಮಾರ್ಚ್. ಯುಗಾದಿ

ನಮಗೆ ಈ ವರ್ಷ ಹಬ್ಬವಿಲ್ಲ. ಒರತೆಯ ಹತ್ತಿರ ಗೌಡರ ಹೆಂಡತಿ ಚನ್ನವೀರಮ್ಮ ಬಂದರು. ದೂರದಲ್ಲೇ ನಿಂತರು.

"ಲೇ ಉಚ್ಚೆಂಗಿ, ಹಬ್ಬದ ದಿನನೂ ನಿನ್ನ ನೀರು ನಾವು ಕುಡೀಬೇಕೇನು?"

"ನಿಮ್ಮ ಎಮ್ಮಿ ತೊಳದಿದ್ದು ನಮ್ಮ ಒರತಿಗೆ ಬರತಿತ್ರಿ ಅವ್ವಾರೇ. ಕುಡದೀವಿ. ಯಾರೂ ಸತ್ತಿಲ್ಲ."

ಅಂದ ಮೇಲೆ ನೆನಪಾಯಿತು. ಅವರಿಗೂ ಆಯಿತು, ತಲೆ ತಗ್ಗಿಸಿದರು. ನಾನು ತಗ್ಗಿಸಲಿಲ್ಲ.

೨೦ ಮಾರ್ಚ್

ಮುಚ್ಚಿದ್ದಾರೆ. ಮೇಲೆ ಜಾಲಿಮುಳ್ಳು.

೨೧ ಮಾರ್ಚ್

ಮುಳ್ಳು ಒಲೆಗಾಯಿತು. ಮತ್ತೆ ತೋಡಿದೆ. ಮೊದಲ ಸಲಕ್ಕಿಂತ ಬೇಗ ಬಂತು.

ಅತ್ತೆ ಇಡೀ ದಿನ ಬೈದಳು. ಗೌಡರ ಹತ್ತಿ ಹೊಲದ ಕೆಲಸ ಹೋದರೆ ಏನು ತಿನ್ನುತ್ತೀ ಅಂದಳು. ಉಸುಕು ತಿನ್ನುತ್ತೇನೆ ಅಂದೆ. ಬೈಯುತ್ತಲೇ ಮೂರು ಚೆಂಬು ಆ ನೀರನ್ನೇ ಕುಡಿದಳು.

೨ ಏಪ್ರಿಲ್, ಬುಧವಾರ

ಕೆಲಸ ಹೋಗಿದೆ. ಸಿರುಗುಪ್ಪ ಸಂತೆಗೆ ಹೋಗಿ ಅವರ ಹಾರೆ ಮಾರಿಬಂದೆ. ಸಲಿಕೆ ಮಾರಲಿಲ್ಲ.

ಇವತ್ತು ಗೌಡರು ಆಳುಗಳನ್ನು ಕರೆತಂದರು. ಒಂದು ಕಡೆ ಮುಚ್ಚಿದರೆ ಪಕ್ಕದಲ್ಲಿ ತೋಡುತ್ತಾಳೆ ಎಂದು ಬಂಡೆಯಿಂದ ಬಂಡೆಗೆ ಉದ್ದಕ್ಕೂ ಅಗೆಸಿದರು, ಗಟ್ಟಿ ತಳ ಸಿಗುವವರೆಗೆ. ಅದರ ತುಂಬ ಹೊಲದ ಎರೆಮಣ್ಣು. ಬಂಡಿಯ ಮೇಲೆ ಬಂಡಿ. ಹೊಡೆದವನು ಅವರ ಆಳು ಜಂಬಣ್ಣ. ಎತ್ತು ಕಟ್ಟಿ ತುಳಿಸಿದರು.

ದಂಡೆಯ ಮೇಲೆ ಕೂತು ನೋಡಿದೆ. ಯಾರೂ ಏಳು ಅನ್ನಲಿಲ್ಲ. ಗೋರಿಗಳ ನಡುವೆ ಬರಲು ಅವರಿಗೆ ಹೆದರಿಕೆ.

೯ ಏಪ್ರಿಲ್

ಕೆಳಗೆ ನಮ್ಮ ಕೇರಿಯ ಒರತೆ ಬತ್ತಿತು. ಇದು ಬೇಸಿಗೆಯಲ್ಲಿ ಆಗುವುದೇ ಅಂದರು. ಊರವರದೂ ಬತ್ತುತ್ತಿದೆ. ಆಳುದ್ದ ತೋಡಿದರೂ ಒಣ ಉಸುಕು.

ನನಗೆ ನಿದ್ದೆ ಬರಲಿಲ್ಲ. ಅವರ ಮಾತು — ದಾರದಂಗ ಹೋಗತೈತಿ. ದಾರ ಕಟ್ಟಿದ್ದಾರಲ್ಲ. ಉಸುಕು ನೀರು ಬಿಡುತ್ತದೆ, ಎರೆ ಬಿಡುವುದಿಲ್ಲ. ಮಳೆ ಬಿದ್ದ ಎರೆಹೊಲದಲ್ಲಿ ನಡೆದ ಯಾರಿಗಾದರೂ ಗೊತ್ತು. ಆದರೆ ಗೌಡರಿಗೆ ಅವತ್ತು ಮೈಲಿಗೆ ಮಾತ್ರ ಕಂಡಿತ್ತು, ನೀರು ಕಾಣಲಿಲ್ಲ.

೧೦ ಏಪ್ರಿಲ್, ಬೆಳಿಗ್ಗೆ

ಅವರು ತುಂಬಿಸಿದ ಎರೆಮಣ್ಣಿಗೂ ಮೇಲುಗಡೆ, ಗೋರಿಗಳ ದಂಡೆಯ ಕೆಳಗೆ ತೋಡಿದೆ. ಮೊಣಕೈ ಬೇಡ, ಅಂಗೈ ಮುಳುಗಿದ್ದೇ ತಡ — ನೀರು. ಕೇರಿಗೆ ಹೋಗಿ ಎಲ್ಲರನ್ನೂ ಕರೆದೆ. ಹೆದರುತ್ತಾ ಬಂದರು. ತುಂಬಿದ ಕೊಡ ಹೊತ್ತು ಊರ ಮುಂದೆಯೇ ಹೋದೆವು. ಬೇರೆ ದಾರಿ ಇತ್ತು.

೧೪ ಏಪ್ರಿಲ್, ಸೋಮವಾರ

ಗೌಡರೇ ಬಂದರು. ಅವರ ಮನೆಯಲ್ಲಿ ಸವುಳು ನೀರು ಕುಡಿಯುತ್ತಿದ್ದಾರಂತೆ. ಗೋರಿಗಳ ಹತ್ತಿರ ತೋಡಲು ಅವರ ಜನ ಒಪ್ಪುವುದಿಲ್ಲ.

"ನೀ ಮೊದಲಿನ ಜಾಗಕ್ಕ ಹೋಗು. ಮಣ್ಣು ತಗಸ್ತೀನಿ."

"ನಾ ಹೋಗಂಗಿಲ್ರಿ."

"ಮತ್ತ ಮಣ್ಣು?"

"ಇರಲಿ ಬಿಡ್ರಿ ಗೌಡ್ರೇ. ನಮಗ ನೀರೈತಿ."

 ಮೇಲಿನ ಒರತೆ ನಿನಗೆ ಬಿಟ್ಟರೆ ಊರು ಏನನ್ನುತ್ತದೆ ಅಂದರು. ಆ ಮಾತಿನಲ್ಲಿ ಮೊದಲಿನ ಗತ್ತು ಇರಲಿಲ್ಲ. ನೀರು ಬಂತು ಅನ್ನುತ್ತದೆ ಅಂದೆ.  ಕೊಡ ಎತ್ತಿಕೊಂಡೆ.

೧೬ ಏಪ್ರಿಲ್, ಬುಧವಾರ

ಗೌಡರು ಬರಲಿಲ್ಲ. ಚನ್ನವೀರಮ್ಮ ಬಂದರು, ಬುಟ್ಟಿ ಹಿಡಿದು. ಗಂಡನನ್ನು ಕೇಳಿ ಬಂದಿರೇ ಅಂದೆ. "ಆತನ ಕೇಳಿದ್ರ ಮೊಮ್ಮಕ್ಕಳ ಬಾಯಿ ಹಸಿ ಆಕ್ಕೈತೇನು?" ಅಂದರು. ತಾವೇ ಮೊದಲ ಬುಟ್ಟಿ ಮಣ್ಣು ತುಂಬಿದರು. ಅವರ ಓಣಿಯ ಹೆಂಗಸರೂ ಇಳಿದರು. ಮೊಣಕಾಲವರೆಗೂ ಕರಿಮಣ್ಣು. ಜಂಬಣ್ಣ ಅದೇ ಬಂಡಿ ತಂದ. "ತಂದಾವನೂ ನಾನು, ಒಯ್ಯಾವನೂ ನಾನು. ಎತ್ತು ನನ್ನ ನೋಡಿ ನಗಾಕತ್ತಾವು" ಅಂದ. ಎಲ್ಲರೂ ನಕ್ಕರು. ನಾನೂ. ಜನವರಿಯಿಂದ ಮೊದಲ ಸಲ.

ನಾನು ಸಲಿಕೆ ಮುಟ್ಟಲಿಲ್ಲ. ಹಾಕಿದವರು ತೆಗೆಯಲಿ. ನನ್ನ ಒರತೆಯ ಹತ್ತಿರವೇ ಕೂತಿದ್ದೆ. ಮಧ್ಯಾಹ್ನ ಕೊನೆಯ ಮಣ್ಣು ಎದ್ದಿತು. ನನ್ನ ಒರತೆಯ ನೀರು ಒಂದು ಗೇಣು ಇಳಿಯಿತು, ನೋಡುತ್ತಿದ್ದ ಹಾಗೆ. ಇಳಿಯಲಿ. ಕೆಳಗೆ ನಮ್ಮ ಜನರೂ ಇದ್ದಾರೆ.

೧೮ ಏಪ್ರಿಲ್, ಶುಕ್ರವಾರ

ಗೌಡರು ಹೇಳಿ ಕಳಿಸಿದ್ದಾರೆ. ಮೇಲಿನ ಒರತೆ ನನಗೆ ಈ ಬೇಸಿಗೆ ಮಾತ್ರವಂತೆ. ಮಳೆ ಬಂದು ಹೊಳೆ ಹರಿದ ಮೇಲೆ ಮೊದಲಿನ ಪದ್ಧತಿಯಂತೆ.

ಹರಿಯಲಿ. ಹೊಳೆ ಬಂದರೆ ಎಲ್ಲರ ಒರತೆಯೂ ಮುಚ್ಚುತ್ತದೆ, ಯಾರದು ಎಲ್ಲಿತ್ತು ಅಂತ ಗುರುತೂ ಉಳಿಯುವುದಿಲ್ಲ. ಆಮೇಲೆ ಮತ್ತೆ ಸಂಕ್ರಾಂತಿ ಬರುತ್ತದೆ. ಸಲಿಕೆ ಮೂಲೆಯಲ್ಲಿದೆ. ಜಾಗ ನನಗೆ ಗೊತ್ತು.

ಅತ್ತೆ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಇವತ್ತು ತಾನೂ ಬರುತ್ತಾಳಂತೆ, ಊರ ಮುಂದಿನ ದಾರಿಯಿಂದಲೇ ಹೋಗೋಣ ಅನ್ನುತ್ತಾಳೆ.